ಎರಡು ಸೆಂಟಿನಲ್ಲಿ ಒಂದನ್ನು ಆರಿಸುವುದು ಹೇಗೆ? ಕರಾವಳಿಯ ಸೆಕೆಗೂ ಶಿರಸಿಯ ಚಳಿಗೂ ಹೊಂದುವ ಲೆಕ್ಕ

ಅಂಗಡಿಯಲ್ಲಿ ಹತ್ತಾರು ಬಾಟಲಿ ಮೂಸಿ, ಬೇಡದ್ದನ್ನೆಲ್ಲ ಬದಿಗಿಟ್ಟ ಮೇಲೆ ಮನಸ್ಸು ಸಾಮಾನ್ಯವಾಗಿ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಒಂದು ಹಗುರ: ಮೇಲೆ ಲಿಂಬು, ಬರ್ಗಮಟ್ ಎಂಬ ಕಿತ್ತಳೆ ಜಾತಿಯ ಹಣ್ಣು, ಕೆಳಗೆ ಲಾವಂಚ. ಇನ್ನೊಂದು ಭಾರ: ಗುಲಾಬಿ, ಗಂಧ, ವೆನಿಲಾ, ಕೊನೆಗೊಂದಿಷ್ಟು ಊದ್ ಎಂಬ ಅಗರು ಮರದ ಘಮ. ಮೊದಲನೆಯದು ಆಫೀಸಿಗೆ, ಎರಡನೆಯದು ಮದುವೆಗೆ ಎಂದು ಅಂಗಡಿಯವರು ಹೇಳಿ ಮುಗಿಸುತ್ತಾರೆ. ದುಡ್ಡು ಒಂದಕ್ಕೇ ಇರುವಾಗ ಈ ಉತ್ತರದಿಂದ ಏನೂ ಬಗೆಹರಿಯುವುದಿಲ್ಲ. ಅಲ್ಲದೆ ಸೆಂಟಿನ ಡಬ್ಬಿಯ ಮೇಲೆ ಬರೆದ ಸಲಹೆಗಳು ಬೇರೆ ಯಾವುದೋ ಊರಿನ ಹವೆಗೆ ಬರೆದಂಥವು. ಕಾರವಾರದ ಏಪ್ರಿಲ್ ಮಧ್ಯಾಹ್ನ, ಶಿರಸಿಯ ಡಿಸೆಂಬರ್ ಬೆಳಗು, ಜುಲೈ ತಿಂಗಳಲ್ಲಿ ಎಂಟು ದಿನವಾದರೂ ಒಣಗದ ಬಟ್ಟೆ, ಇವು ಯಾವುವೂ ಆ ಲೆಕ್ಕದಲ್ಲಿ ಇರುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಮೊದಲು ಬರುವುದು ಹವೆ, ಆಮೇಲೆ ಬಾಟಲಿ.

ಮೊದಲು ಒಂದು ಹಾಳೆ, ಒಂದು ಪೆನ್ನು

ಕಳೆದ ಒಂದು ತಿಂಗಳಲ್ಲಿ ಮನೆಯಿಂದ ಹೊರಗೆ ಎಲ್ಲೆಲ್ಲಿ ಹೋದಿರಿ, ಪಟ್ಟಿ ಮಾಡಿ. ಪ್ರತಿಯೊಂದರ ಎದುರು ಎರಡು ವಿಷಯ ಬರೆಯಿರಿ: ಅಲ್ಲಿ ಎಷ್ಟು ಹೊತ್ತು ಇದ್ದಿರಿ, ಪಕ್ಕದ ಮನುಷ್ಯ ಎಷ್ಟು ದೂರದಲ್ಲಿದ್ದ. ಅಂಕೋಲಾದಿಂದ ಕಾರವಾರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವವರ ಹಾಳೆಯಲ್ಲಿ ಭುಜಕ್ಕೆ ಭುಜ ತಾಗುವ ಸೀಟು, ಫ್ಯಾನಿನ ಕೆಳಗಿನ ಕಚೇರಿ, ಸಂಜೆಯ ಮೀನುಪೇಟೆ ಬರುತ್ತವೆ. ಶಿರಸಿಯಲ್ಲಿ ಸ್ವಂತ ಅಂಗಡಿ ಇಟ್ಟವರ ಹಾಳೆ ಬೇರೆ, ಸಿದ್ದಾಪುರದ ತೋಟದ ಮನೆಯಲ್ಲಿದ್ದು ವಾರಕ್ಕೊಮ್ಮೆ ಪೇಟೆಗೆ ಬರುವವರದ್ದು ಇನ್ನೂ ಬೇರೆ.

ಹಾಳೆಯಲ್ಲಿ ಅತಿ ಹೆಚ್ಚು ಸಲ ಬಂದ ಸ್ಥಳ ಯಾವುದೋ ನಿಮ್ಮ ದೊಡ್ಡ ಬಾಟಲಿ ಆ ಸ್ಥಳಕ್ಕೆ. ವರ್ಷಕ್ಕೆ ಹದಿನೈದಿಪ್ಪತ್ತು ಸಲ ಬರುವ ಮದುವೆ, ಉಪನಯನ, ಜಾತ್ರೆಗಳಿಗೆ ಬೇರೆ ದಾರಿ ಇದೆ, ಹಣದ ಲೆಕ್ಕ ಬಂದಾಗ ನೋಡೋಣ. ಬಹುತೇಕ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಮದುವೆ ಮನೆಯ ನೆನಪಿನಲ್ಲಿ ಭಾರದ ಸೆಂಟಿನ 100 ಎಂಎಲ್ ಬಾಟಲಿ ತಂದು, ಅದನ್ನೇ ಸೋಮವಾರ ಬೆಳಿಗ್ಗೆ ಬಸ್ಸಿಗೂ ಹೊಡೆದುಕೊಂಡು ಹೋಗುತ್ತಾರೆ.

ಸೆಕೆಯಲ್ಲಿ ಸೆಂಟು ಏಕೆ ಬೇರೆಯಾಗುತ್ತದೆ

ಮೂಗಿಗೆ ತಲುಪುವುದು ಆವಿ. ಲಿಂಬುಸಿಪ್ಪೆಯ ವಾಸನೆಗೆ ಮುಖ್ಯ ಕಾರಣವಾದ ಲಿಮೊನೀನ್‌ನ ಅಣುತೂಕ 136, ಶ್ರೀಗಂಧದ ಸ್ಯಾಂಟಲಾಲ್‌ನದು 220. ಹಗುರ ಅಣು ಬೇಗ ಹಾರುತ್ತದೆ, ಭಾರದ್ದು ಮೈಗೆ ಅಂಟಿ ಕೂತು ನಿಧಾನ ಏಳುತ್ತದೆ. ಹಾಗಾಗಿ ಒಂದೇ ಸೆಂಟು ದಿನದಲ್ಲಿ ಮೂರು ರೂಪ ತೋರಿಸುತ್ತದೆ. ಮೊದಲ ಹತ್ತಿಪ್ಪತ್ತು ನಿಮಿಷ ಹಣ್ಣು, ಲಿಂಬುವಿನ ಮೇಲುಘಮ. ಆಮೇಲೆ ಎರಡು ಮೂರು ತಾಸು ಹೂವು, ಮಸಾಲೆಯ ನಡುಘಮ. ಕೊನೆಗೆ ಉಳಿಯುವುದು ಗಂಧ, ಲಾವಂಚ, ವೆನಿಲಾ, ಕಸ್ತೂರಿಯಂಥ ತಳಘಮ.

ಮೈ ಬಿಸಿಯಾದಷ್ಟೂ ಈ ಮೂರೂ ಘಟ್ಟ ಬೇಗ ಬೇಗ ಮುಗಿಯುತ್ತವೆ. ಕುಮಟಾದ ಮೇ ತಿಂಗಳ ಸೆಕೆಯಲ್ಲಿ ಲಿಂಬುವಿನ ಭಾಗ ಗೇಟು ದಾಟುವುದರೊಳಗೆ ಹಾರಿಹೋಗಬಹುದು. ಅದೇ ಸೆಕೆಯಲ್ಲಿ ವೆನಿಲಾ, ಊದ್ ಇರುವ ಸೆಂಟು ಒಮ್ಮೆಲೇ ಎದ್ದು, ಬೆವರಿನ ಜೊತೆ ಸೇರಿ, ಸಿಹಿ ಹೋಗಿ ಘಾಟಾಗುತ್ತದೆ. ತಲೆಸಿಡಿತ ಬರುವುದು ಇಲ್ಲೇ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ಚಳಿಗಾಲದ ಬೆಳಿಗ್ಗೆ ಇದರ ಉಲ್ಟಾ: ಹಗುರ ಸೆಂಟು ಹಚ್ಚಿದ್ದೇ ಗೊತ್ತಾಗುವುದಿಲ್ಲ, ಕೆಳಗಡೆ ತಡೆಯಲಾಗದಿದ್ದ ಭಾರದ್ದು ಅಲ್ಲಿ ಹದವಾಗಿ ಬಿಚ್ಚಿಕೊಳ್ಳುತ್ತದೆ.

ಹಾಗಾದರೆ ಹಗುರ ಸೆಂಟು ಕರಾವಳಿಯಲ್ಲಿ ನಿಲ್ಲುವುದೇ ಇಲ್ಲವೇ? ಅದರ ತಳ ಏನಿದೆ ಎಂಬುದರ ಮೇಲೆ ನಿಂತಿದೆ. ಬರೀ ಲಿಂಬು, ಕಿತ್ತಳೆ ಇದ್ದರೆ ಒಂದು ತಾಸು. ತಳದಲ್ಲಿ ಲಾವಂಚ ಅಥವಾ ಮರದ ಘಮ ಇದ್ದರೆ ಮಧ್ಯಾಹ್ನದವರೆಗೂ ಚರ್ಮದ ಹತ್ತಿರ ಉಳಿಯುತ್ತದೆ. ಕರಾವಳಿಗೆ ಲಾವಂಚ ತಳದ ಸೆಂಟಿನಷ್ಟು ಹೊಂದುವುದು ಮತ್ತೊಂದಿಲ್ಲ. ಇದರಲ್ಲಿ ಚರ್ಚೆಗೆ ಹೆಚ್ಚು ಜಾಗ ಇಲ್ಲ. ಸಮುದ್ರದ ಗಾಳಿಯ ಘಮ ಎಂದು ಮಾರುವ ‘ಅಕ್ವಾಟಿಕ್’ ಜಾತಿಯವು ಎರಡನೇ ಸ್ಥಾನದಲ್ಲಿ. 1988ರ ಕೂಲ್ ವಾಟರ್, 1996ರ ಆಕ್ವಾ ಡಿ ಜಿಯೋ ಈ ಸಾಲಿನವು. ನಿಜವಾದ ಕಡಲ ದಂಡೆಯಲ್ಲಿ ಬೆಳೆದವರ ಮೂಗಿಗೆ ಅದರಲ್ಲಿ ಸಮುದ್ರ ಸಿಗುವುದು ಅಷ್ಟರಲ್ಲೇ ಇದೆ ಅನ್ನಿ. ಒಣಮೀನೂ ಇಲ್ಲ, ಬಲೆಯೂ ಇಲ್ಲ, ಸ್ನಾನ ಮಾಡಿದ ಮೈಯ ತಂಪಿದೆ ಅಷ್ಟೆ.

ಮನೆಯಲ್ಲೇ ಮೂಗು ಹದ ಮಾಡಿಕೊಳ್ಳಿ

ಅಂಗಡಿಗೆ ಹೋಗುವ ಹಿಂದಿನ ದಿನ ಐದು ವಸ್ತು ಮೂಸಿ ನೋಡಿ: ಉಗುರಿನಿಂದ ಗೀರಿದ ಲಿಂಬುಸಿಪ್ಪೆ, ಬಿಡಿಸಿದ ಏಲಕ್ಕಿ, ನೀರಲ್ಲಿ ನೆನೆಸಿದ ಲಾವಂಚದ ಬೇರು, ಸಾಣೆಕಲ್ಲಿನ ಮೇಲೆ ತೇದ ಗಂಧ, ಒಂದು ಮೊಳ ಮಲ್ಲಿಗೆ. ಸೆಂಟಿನ ಡಬ್ಬಿಯ ಮೇಲೆ ಬರೆದಿರುವ ಹೆಸರುಗಳಲ್ಲಿ ಅರ್ಧ ಇಷ್ಟರಲ್ಲೇ ಬಂದುಹೋಗುತ್ತದೆ. ವೆನಿಲಾ ಬಳ್ಳಿ ಬೆಳೆಸಿದ ಮನೆಗಳಲ್ಲಿ ಹದ ಮಾಡಿದ ಕೋಡು ಉಳಿದಿದ್ದರೆ ಅದನ್ನೂ ಸೇರಿಸಿ. ಹಸಿರು ಕೋಡಿಗೆ ಪರಿಮಳ ಇರುವುದಿಲ್ಲ, ಬೇಯಿಸಿ, ಬೆವರಿಸಿ, ಒಣಗಿಸಿದ ಮೇಲೆಯೇ ಬರುವುದು.

ಇದರಿಂದ ಆಗುವ ಪ್ರಯೋಜನ ಏನೆಂದರೆ, ‘ಚೆನ್ನಾಗಿದೆ’ ಎನ್ನುವುದರ ಬದಲು ‘ಇದರ ಗಂಧ ತೇದ ಗಂಧದಂತಿಲ್ಲ, ಹಾಲಿನ ಕೆನೆಯ ಸಿಹಿ ಹೆಚ್ಚಾಗಿದೆ’ ಎಂದು ನಿಮಗೇ ಹೇಳಿಕೊಳ್ಳಲು ಬರುತ್ತದೆ. ಎರಡು ಬಾಟಲಿಯ ನಡುವೆ ಆರಿಸುವಾಗ ಬೇಕಾದದ್ದು ಅದೇ.

ಅಕ್ಷರ ಓದಿ: ಇಡಿಟಿ, ಇಡಿಪಿ, ಪರ್ಫಮ್

ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುವುದು ಸುಗಂಧದ ಎಣ್ಣೆಯ ಪ್ರಮಾಣ. ಕೊಲೋನ್ ಎಂದರೆ ನೂರಕ್ಕೆ ಸುಮಾರು 2ರಿಂದ 4 ಪಾಲು, ಇಡಿಟಿ (ಓ ದ ತ್ವಾಲೆತ್) 5ರಿಂದ 15, ಇಡಿಪಿ (ಓ ದ ಪರ್ಫಮ್) 15ರಿಂದ 20, ಪರ್ಫಮ್ ಎಂದು ಬರೆದದ್ದು 20ರಿಂದ 30. ಉಳಿದದ್ದೆಲ್ಲ ಸ್ಪಿರಿಟ್, ಸ್ವಲ್ಪ ನೀರು. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ, ಆದರೂ ಅಂದಾಜಿಗೆ ಸಾಕು. ಅತ್ತರಿನಲ್ಲಿ ಸ್ಪಿರಿಟ್ ಇಲ್ಲ, ಪೂರ್ತಿ ಎಣ್ಣೆ. ಹಾಗಾಗಿ ಅದು ದೂರಕ್ಕೆ ಹಾರುವುದು ಕಡಿಮೆ, ಮೈಮೇಲೆ ನಿಲ್ಲುವುದು ಹೆಚ್ಚು.

ಒಂದೇ ಹೆಸರಿನ ಸೆಂಟು ಇಡಿಟಿ ಮತ್ತು ಇಡಿಪಿ ಎರಡರಲ್ಲೂ ಬಂದರೆ ಒಂದು ತೆಳು, ಇನ್ನೊಂದು ಗಟ್ಟಿ ಎಂದು ತಿಳಿದು ಕಣ್ಣುಮುಚ್ಚಿ ಕೊಳ್ಳಬೇಡಿ. ಅನೇಕ ಸಲ ಎರಡರ ಮಿಶ್ರಣವೇ ಬೇರೆ ಇರುತ್ತದೆ. ಇಡಿಪಿಯಲ್ಲಿ ಸಿಹಿ ತಳ ಹೆಚ್ಚಿಸಿರುತ್ತಾರೆ.

ಅಂಗಡಿಯಲ್ಲಿ ಹತ್ತು ನಿಮಿಷ

ಆ ದಿನ ಮೈಗೆ ಬೇರೆ ಸೆಂಟು, ಡಿಯೋ ಬೇಡ. ತಲೆಗೆ ವಾಸನೆಯ ಎಣ್ಣೆಯೂ ಬೇಡ. ಮುಡಿಯಲ್ಲಿ ಹೂವಿದ್ದರೆ ಅದೂ ಪರೀಕ್ಷೆ ಕೆಡಿಸುತ್ತದೆ. ನೆಗಡಿ ಇದ್ದರೆ ಹೋಗಲೇಬೇಡಿ.

ಎರಡು ಕಾಗದದ ಪಟ್ಟಿ ಕೇಳಿ, ಕೊಡದಿದ್ದರೆ ದಪ್ಪ ಬಿಳಿ ಹಾಳೆಯ ಎರಡು ಚೂರು ಕಿಸೆಯಲ್ಲಿರಲಿ. ಮೊದಲು ಹೆಸರು ಬರೆದು, ಆಮೇಲೆ ಒಂದೊಂದು ಸಲ ಒತ್ತಿ. ಒಂದು ನಿಮಿಷ ಬಿಡಿ, ಅಲ್ಲಿಯವರೆಗೆ ಮೂಗಿಗೆ ಬರುವುದು ಸ್ಪಿರಿಟ್ ಮಾತ್ರ. ಮೂಗಿಗೆ ಒತ್ತಿ ಹಿಡಿಯದೆ ಎರಡು ಬೆರಳು ದೂರದಿಂದ ಮೂಸಿ. ಎರಡರ ನಡುವೆ ಕಾಫಿಬೀಜ ಮೂಸಲು ಕೊಡುತ್ತಾರೆ. ಅದೂ ಮತ್ತೊಂದು ಗಾಢ ವಾಸನೆ ಅಷ್ಟೆ. ಅಂಗಡಿಯ ಬಾಗಿಲಿಗೆ ಬಂದು ನಾಲ್ಕು ಉಸಿರು ಹೊರಗಿನ ಗಾಳಿ ತೆಗೆದುಕೊಂಡರೆ ಮೂಗು ತನ್ನಷ್ಟಕ್ಕೆ ತಿಳಿಯಾಗುತ್ತದೆ.

ಇಷ್ಟಕ್ಕೇ ಬಿಲ್ ಮಾಡಿಸಬೇಡಿ. ಕಾಗದಕ್ಕೆ ಬಿಸಿಯಿಲ್ಲ, ಬೆವರಿಲ್ಲ. ಅದು ಹೇಳುವುದು ಬೇಡದ್ದನ್ನು ಬಿಡಲು ಸಾಕು, ಬೇಕಾದದ್ದನ್ನು ಆರಿಸಲು ಸಾಲದು. ಹುಬ್ಬಳ್ಳಿಯ ಮಾಲಿನ ಎಸಿಯಲ್ಲಿ ಕೊಂಡ ಸೆಂಟು ಹೊನ್ನಾವರದಲ್ಲಿ ಹೊಟ್ಟೆ ತೊಳೆಸುವುದಕ್ಕೆ ಕಾರಣವೂ ಇದೇ.

ಮೈಮೇಲೆ ಒಂದು ಪೂರ್ತಿ ದಿನ

ನಿರ್ಧಾರ ಆಗುವುದು ಈ ಹಂತದಲ್ಲಿ, ಆದ್ದರಿಂದ ಅವಸರ ಬೇಡ. ಅಂಗಡಿಯಲ್ಲಿ 2 ಎಂಎಲ್ ಸ್ಯಾಂಪಲ್ ಸಿಕ್ಕರೆ ಎರಡರದ್ದೂ ತನ್ನಿ, ಸಣ್ಣ ಮೊತ್ತಕ್ಕೆ ಸ್ಯಾಂಪಲ್ ಶೀಶೆ ಮಾರುವ ಆನ್‌ಲೈನ್ ಅಂಗಡಿಗಳೂ ಇವೆ. ಸಿಗದಿದ್ದರೆ ಟೆಸ್ಟರಿನಿಂದ ಎಡಗೈಯ ಮೊಣಕೈ ಒಳಮಡಿಕೆಗೆ ಹಗುರದ್ದು, ಬಲಗೈಯದ್ದಕ್ಕೆ ಭಾರದ್ದು, ಒಂದೊಂದೇ ಸಲ ಹಾಕಿಸಿಕೊಂಡು ಮನೆಗೆ ಬನ್ನಿ. ಮಣಿಕಟ್ಟು ಬೇಡ ಎನ್ನುವುದಕ್ಕೆ ಕಾರಣವಿದೆ: ಕೈ ತೊಳೆಯುವಾಗ ಹೋಗುತ್ತದೆ, ಬಸ್ಸಿನ ಕಂಬಿ ಹಿಡಿದರೆ ಕಬ್ಬಿಣದ ವಾಸನೆ ಸೇರುತ್ತದೆ. ಹಾಕಿದ ಜಾಗ ಉಜ್ಜಬೇಡಿ. ಉಜ್ಜಿದರೆ ಬಿಸಿಯಾಗಿ ಮೇಲುಘಮ ಬೇಗ ಹಾರುತ್ತದೆ.

ಸಮಯ ನೋಡಿಕೊಂಡು ಐದು ಸಲ ಮೂಸಿ ಬರೆದಿಡಿ: ಒಂದು ನಿಮಿಷಕ್ಕೆ, ಕಾಲು ತಾಸಿಗೆ, ಒಂದು ತಾಸಿಗೆ, ನಾಲ್ಕು ತಾಸಿಗೆ, ಮತ್ತು ಎಂಟು ತಾಸಿಗೆ. ಪ್ರತಿ ಸಲ ಎರಡೇ ಪ್ರಶ್ನೆ. ಇದು ಈಗ ಯಾವುದರಂತೆ ಇದೆ? ಇದು ನನಗೆ ಬೇಕಾ? ನಾಲ್ಕು ತಾಸಿನ ಉತ್ತರಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಡಿ. ದಿನದ ಬಹುಪಾಲು ನಿಮ್ಮ ಜೊತೆ ಇರುವುದು ಆ ಘಮ. ಅಂಗಡಿಯಲ್ಲಿ ಮನಸ್ಸು ಸೆಳೆದ ಲಿಂಬು ಅಷ್ಟು ಹೊತ್ತಿಗೆ ಊರು ಬಿಟ್ಟು ಹೋಗಿರುತ್ತದೆ.

ಈ ದಿನ ಫ್ಯಾನಿನ ಕೆಳಗೆ ಕೂತು ಕಳೆಯಬೇಡಿ. ಪೇಟೆಗೆ ನಡೆದು ಹೋಗಿ ಬನ್ನಿ, ಬೆವರಲಿ. ಬೆವರಿದ ಮೇಲೆ ಭಾರದ ಸೆಂಟು ಹುಳಿ ಬಂದ ಪಾಯಸದಂತೆ ಅನಿಸಿದರೆ ಅದರ ವೆನಿಲಾ ನಿಮ್ಮ ಬೆವರಿಗೆ ಹೊಂದುತ್ತಿಲ್ಲ. ಅದು ಸೆಂಟಿನ ದೋಷವಲ್ಲ, ಶಿರಸಿಯಲ್ಲಿರುವ ನಿಮ್ಮ ಅಕ್ಕನಿಗೆ ಅದೇ ಚೆನ್ನಾಗಿ ಹೊಂದಬಹುದು. ಹಗುರದ್ದು ಬೆವರಿದ ಮೇಲೆ ಸಾಬೂನಿನ ನೊರೆಯಂತೆಯೋ ಒದ್ದೆ ಬೇರಿನಂತೆಯೋ ಉಳಿದರೆ ಒಳ್ಳೆಯ ಲಕ್ಷಣ. ಲೋಹದಂತೆ, ಕರೆಂಟು ಸುಟ್ಟಂತೆ ಆದರೆ ಬಿಡಿ.

ಒಂದು ತಾಸಿನ ಮೇಲೆ ಏನೂ ವಾಸನೆ ಬರುತ್ತಿಲ್ಲ ಎಂದರೆ ಸೆಂಟು ಹೋಗಿದೆ ಎಂದು ತೀರ್ಮಾನಿಸಬೇಡಿ. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಕೊಂಡು ಅದನ್ನು ಲೆಕ್ಕಕ್ಕೆ ಬಿಡುತ್ತದೆ. ಇನ್ನೂ ಒಂದು ವಿಚಾರ: ಕೆಲವು ಕಸ್ತೂರಿ ಜಾತಿಯ ಅಣುಗಳು ಕೆಲವರ ಮೂಗಿಗೆ ಹುಟ್ಟಾ ತಿಳಿಯುವುದೇ ಇಲ್ಲ. ನಿಮಗೆ ಖಾಲಿ ಅನಿಸಿದ್ದು ಪಕ್ಕದವರಿಗೆ ಗಾಢವಾಗಿ ಬರುತ್ತಿರಬಹುದು. ಹಾಗಾಗಿ ಮನೆಯ ಒಬ್ಬರನ್ನು ಒಂದು ಮಾರು ದೂರದಲ್ಲಿ ನಿಲ್ಲಿಸಿ ಕೇಳಿ. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ‘ವಾಸನೆ ಬರುತ್ತಿದೆಯಾ, ಯಾವ ಕಡೆಯಿಂದ?’ ಎಂದು ಕೇಳಿ.

ಮರುದಿನ ಆ ಎರಡು ಜಾಗ ನೋಡಿ. ತುರಿಕೆ, ಕೆಂಪು ಇದ್ದರೆ ಆ ಸೆಂಟು ಅಲ್ಲಿಗೇ ಕೈಬಿಡಿ. ಕೆಲವರಿಗೆ ಎರಡನೇ ದಿನ ಏಳುತ್ತದೆ, ಆದ್ದರಿಂದ 48 ತಾಸು ಕಾಯುವುದು ಒಳ್ಳೆಯದು.

ಪಕ್ಕದ ಸೀಟಿನವರ ಮೂಗು

ಮಹಾಭಾರತದ ಮತ್ಸ್ಯಗಂಧಿ ಪರಾಶರರ ವರದಿಂದ ಯೋಜನಗಂಧಿಯಾದಳು. ‘ಮತ್ಸ್ಯಗಂಧ’ ಹೆಸರಿನ ರೈಲು ನಮ್ಮ ಕರಾವಳಿಯ ಉದ್ದಕ್ಕೂ ದಿನಾ ಓಡುತ್ತದೆ. ಆದರೆ ಅದೇ ರೈಲಿನ ಸ್ಲೀಪರ್ ಬೋಗಿಯಲ್ಲಿ ಯೋಜನ ದೂರ ಹರಡುವ ಸೆಂಟು ಹಾಕಿಕೊಂಡು ಹೋಗುವವರಿಗೆ ಸಹಪ್ರಯಾಣಿಕರು ವರ ಕೊಡುವುದಿಲ್ಲ.

ಸೆಂಟು ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ಒಂದು, ಎಷ್ಟು ದೂರ ಹರಡುತ್ತದೆ ಎನ್ನುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಅಳೆಯಿರಿ. ಕೋಣೆಯಿಂದ ನೀವು ಹೊರಗೆ ಹೋಗಿ ಐದು ನಿಮಿಷದ ಮೇಲೆ ಬಂದವರಿಗೂ ವಾಸನೆ ತಾಗಿದರೆ ಅದು ದೂರ ಹರಡುವ ಜಾತಿ. ಮದುವೆ ಮಂಟಪದ ಬಯಲಿಗೆ, ಆಲೆಮನೆಗೆ, ರಾತ್ರಿಯ ಯಕ್ಷಗಾನಕ್ಕೆ ನಡೆಯುತ್ತದೆ. ಕುಮಟಾ–ಶಿರಸಿ ಬಸ್ಸು ದೇವಿಮನೆ ಘಟ್ಟದ ತಿರುವು ಹತ್ತುವಾಗ, ಅಂಕೋಲಾ–ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ, ಮಳೆಗೆ ಕಿಟಕಿಯ ಗಾಜು ಹಾಕಿದ್ದಾಗ, ಸಿಹಿ ಊದ್ ಇರುವ ಸೆಂಟಿನಷ್ಟು ವಾಂತಿ ಬರಿಸುವುದು ಡೀಸೆಲ್ ಹೊಗೆಯೂ ಅಲ್ಲ. ಘಟ್ಟ ಹತ್ತುವ ದಿನ ಹಗುರದ್ದೂ ಒಂದೇ ಸಲ. ಭಾರದ್ದನ್ನು ಚೀಲದಲ್ಲಿಟ್ಟುಕೊಂಡು ಇಳಿದ ಮೇಲೆ ಹಚ್ಚಿಕೊಳ್ಳಿ.

ಆಸ್ಪತ್ರೆಗೆ, ಬಾಣಂತಿ ನೋಡಲು, ದಮ್ಮು ಇರುವವರ ಮನೆಗೆ ಯಾವುದೂ ಬೇಡ.

ಸಂದರ್ಭಕ್ಕೆ ತಕ್ಕ ಹೊಂದಾಣಿಕೆ

ಕಚೇರಿ, ಶಾಲೆ, ಬ್ಯಾಂಕಿನ ಕೌಂಟರಿಗೆ ಹಗುರದ್ದು. ಎಸಿ ಕೋಣೆಯಲ್ಲಿ ಎರಡು ಸಲ ಒತ್ತಿದರೆ ಸಾಕು, ಫ್ಯಾನ್ ಮಾತ್ರ ಇದ್ದರೆ ಮೂರು.

ಮದುವೆಯ ವಿಷಯದಲ್ಲಿ ಜನ ಮೋಸ ಹೋಗುತ್ತಾರೆ. ಡಬ್ಬಿಯ ಮೇಲೆ ‘ಪಾರ್ಟಿಗೆ’ ಎಂದಿರುವುದು ರಾತ್ರಿಯ ಎಸಿ ಹಾಲ್‌ಗೆ. ನಮ್ಮ ಮದುವೆ ನಡೆಯುವುದು ಏಪ್ರಿಲ್, ಮೇ ತಿಂಗಳ ನಡುಹಗಲು, ಶಾಮಿಯಾನದ ಕೆಳಗೆ, ಹೋಮದ ಹೊಗೆಯ ಪಕ್ಕ. ಅಲ್ಲಿ ಭಾರದ ಸೆಂಟಿಗೆ ಜಾಗವಿಲ್ಲ. ಹಗಲು ಮದುವೆಗೆ ಹಗುರದ್ದನ್ನೇ ಹಾಕಿ, ಸಂಜೆಯ ಆರತಕ್ಷತೆಗೆ ಭಾರದ್ದು ಇರಲಿ. ಇನ್ನು ಮುಡಿಗೆ ಹೂವು ಮುಡಿಯುವವರಿಗೆ ಒಂದು ಎಚ್ಚರಿಕೆ: ಭಟ್ಕಳ ಮಲ್ಲಿಗೆಯ ದಂಡೆ ಮುಡಿದು ಮೇಲೆ ಮಲ್ಲಿಗೆಯ ಸೆಂಟು ಹೊಡೆದುಕೊಂಡರೆ ಎರಡೂ ಜಗಳವಾಡುತ್ತವೆ. ನಿಜವಾದ ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಅಂಶ ಇದೆ. ಬೆಳಿಗ್ಗೆ ಮೊಗ್ಗಾಗಿದ್ದಾಗ ಗೊತ್ತಾಗದ ಅದರ ಕೊಳೆತ ಛಾಯೆ ಹೂ ಬಾಡುತ್ತಿದ್ದಂತೆ ಎದ್ದು ಬರುತ್ತದೆ. ಬಾಟಲಿಯ ಮಲ್ಲಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ ಇರುತ್ತದೆ. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಬಾಡಿದ ಮಲ್ಲಿಗೆ, ಒಂದು ಬಾಡದ ಮಲ್ಲಿಗೆ, ಎರಡರ ವಾಸನೆ ಒಟ್ಟಿಗೆ. ಹೂವು ಮುಡಿದ ದಿನ ಗಂಧ ಅಥವಾ ಲಾವಂಚ ತಳದ್ದನ್ನು ಮೊಣಕೈಗೆ ಹಚ್ಚಿ, ಕುತ್ತಿಗೆಯನ್ನು ಹೂವಿಗೆ ಬಿಟ್ಟುಬಿಡಿ.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ–ಮಾರ್ಚ್ ಹೊತ್ತಿಗೆ. ಹಗಲು ಬಿಸಿಲು, ರಾತ್ರಿ ತಂಪು, ಎರಡೂ ಹೊತ್ತು ನೂಕುನುಗ್ಗಲು. ಧೂಳು, ಕರಿದ ತಿಂಡಿ, ಊದುಬತ್ತಿಯ ಮಧ್ಯೆ ಯಾವ ಸೆಂಟೂ ಕಾಣುವುದಿಲ್ಲ. ದುಬಾರಿಯದ್ದು ಮನೆಯಲ್ಲಿರಲಿ.

ದೇವಸ್ಥಾನಕ್ಕೆ, ಮಡಿಯ ಕೆಲಸಕ್ಕೆ ಸ್ಪಿರಿಟ್ ಇರುವುದನ್ನು ಹಲವರು ಒಲ್ಲರು. ನಮಾಜಿಗೆ ಹೋಗುವವರಲ್ಲೂ ಅನೇಕರು ಸ್ಪಿರಿಟ್ ಇಲ್ಲದ ಅತ್ತರನ್ನೇ ಬಳಸುತ್ತಾರೆ. ಎರಡೂ ಕಡೆ ಗಂಧದ ಅತ್ತರು ಒಂದು ಚುಕ್ಕೆ ಸಾಕು. ನಿಜವಾದ ಅಪಾಯ ಬೇರೆ ಇದೆ: ಸ್ಪಿರಿಟ್ ಬೆಂಕಿ ಹಿಡಿಯುವಂಥದ್ದು. ಸೆಂಟು ಹೊಡೆದುಕೊಂಡ ತಕ್ಷಣ ದೀಪ ಹಚ್ಚಲು, ಒಲೆಯ ಮುಂದೆ ನಿಲ್ಲಲು, ದೀಪಾವಳಿಯ ಪಟಾಕಿ ಹೊಡೆಯಲು ಹೋಗಬೇಡಿ. ಪೂರ್ತಿ ಒಣಗಲು ಐದು ನಿಮಿಷ ಬಿಡಿ.

ಮಳೆಗಾಲಕ್ಕೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೆ ಮುಗ್ಗಲು ವಾಸನೆ, ಘಟ್ಟದ ಮೇಲೆ ಬಚ್ಚಲೊಲೆಯ ಹತ್ತಿರ ಒಣಗಿಸಿದರೆ ಹೊಗೆ ವಾಸನೆ. ಮುಗ್ಗಲಿನ ಮೇಲೆ ಲಿಂಬು ಹೊಡೆದರೆ ಒದ್ದೆ ಒರಸುಬಟ್ಟೆಯ ನಾತ ಬರುತ್ತದೆ. ಬಟ್ಟೆ ಮತ್ತೆ ಬಿಸಿನೀರಲ್ಲಿ ಒಗೆದು ಇಸ್ತ್ರಿ ಹಾಕುವುದೇ ಮದ್ದು. ಹೊಗೆಯ ವಾಸನೆಗೆ ಮಾತ್ರ ಲಾವಂಚ ಚೆನ್ನಾಗಿ ಹೊಂದುತ್ತದೆ, ಅದರಲ್ಲೇ ಒಂದು ಹೊಗೆಯ ಛಾಯೆ ಇದೆ.

ಹಣದ ಲೆಕ್ಕ

ಸ್ಪ್ರೇ ಒಂದು ಸಲ ಒತ್ತಿದರೆ ಸುಮಾರು 0.1 ಎಂಎಲ್ ಹೊರಬರುತ್ತದೆ. ಅಂದರೆ 50 ಎಂಎಲ್ ಬಾಟಲಿಯಲ್ಲಿ 500 ಸಲ. ದಿನಕ್ಕೆ ಮೂರು ಸಲದಂತೆ ಐದೂವರೆ ತಿಂಗಳು. ಬಾಟಲಿಗೆ 2,400 ರೂಪಾಯಿ ಎಂದು ಹಿಡಿದರೆ ದಿನಕ್ಕೆ 14 ರೂಪಾಯಿ 40 ಪೈಸೆ, ಒಂದು ಚಹಾದ ಖರ್ಚು.

ಈಗ ಭಾರದ್ದು. 4,000 ರೂಪಾಯಿಯ 100 ಎಂಎಲ್ ಬಾಟಲಿ ಎನ್ನಿ. ಎಂಎಲ್ ಲೆಕ್ಕದಲ್ಲಿ ಇದೇ ಅಗ್ಗ. ಆದರೆ ಹೆಚ್ಚೆಂದರೆ ವರ್ಷಕ್ಕೆ 25 ಸಮಾರಂಭ, ಒಂದೊಂದಕ್ಕೆ ಎರಡು ಸಲ ಒತ್ತಿದರೂ ವರ್ಷಕ್ಕೆ 50 ಸಲ. ಬಾಟಲಿಯಲ್ಲಿರುವುದು 1,000. ಮುಗಿಸಲು 20 ವರ್ಷ ಬೇಕು! ಚೆನ್ನಾಗಿ ಇಟ್ಟ ಸೆಂಟು ತೆರೆದ ಮೇಲೆ ಮೂರರಿಂದ ಐದು ವರ್ಷ ಬಾಳುತ್ತದೆ ಅಷ್ಟೆ. ಉಳಿದದ್ದು ಚೆಲ್ಲಿದ ಹಣ.

ಆದ್ದರಿಂದ ಹಗುರದ್ದರ 50 ಎಂಎಲ್ ಕೊಳ್ಳಿ. ಭಾರದ್ದನ್ನು 10 ಎಂಎಲ್ ಟ್ರಾವೆಲ್ ಬಾಟಲಿಯಲ್ಲೋ, ಅದೇ ಸ್ವಭಾವದ ಅತ್ತರಿನ ಶೀಶೆಯಲ್ಲೋ ಇಟ್ಟುಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು, ಅದರಲ್ಲೂ ಸಂಜೆಯ ಹೊತ್ತೇ ಹೆಚ್ಚು ತಿರುಗಾಡುವವರು, ಇದನ್ನು ತಿರುಗಿಸಿ ಮಾಡಿದರೂ ತಪ್ಪಿಲ್ಲ. ಕಾರವಾರದಿಂದ ಭಟ್ಕಳದವರೆಗಿನವರಿಗೆ ಆ ರಿಯಾಯಿತಿ ಇಲ್ಲ.

ಅತ್ತರು ಮಾರುವುದು ತೊಲದ ಲೆಕ್ಕದಲ್ಲಿ. ಒಂದು ತೊಲದ ಶೀಶೆ ಸುಮಾರು 12 ಎಂಎಲ್, ಅರ್ಧ ತೊಲ 6, ಕಾಲು ತೊಲ 3. ಕಾಲು ತೊಲ ಒಬ್ಬರಿಗೆ ಎರಡು ವರ್ಷ ಧಾರಾಳ. ಶ್ರೀಗಂಧದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟಿದ ಸರಕು, ಅಂದರೆ ಗ್ರಾಮಿಗೆ ನೂರಕ್ಕೂ ಹೆಚ್ಚು. ನೂರು ರೂಪಾಯಿಗೆ ಕಾಲು ತೊಲ ‘ಅಸಲಿ ಚಂದನ’ ಕೊಡುತ್ತೇವೆ ಎಂದರೆ ಅದರಲ್ಲಿರುವುದು ಕಾರ್ಖಾನೆಯ ಗಂಧ. ವಾಸನೆ ಹಿಡಿಸಿದರೆ ಅದನ್ನೂ ಕೊಳ್ಳಬಹುದು, ಅಸಲಿಯ ದರ ಮಾತ್ರ ಕೊಡಬೇಡಿ. ಕೇದಿಗೆಯ ಅತ್ತರು ಬರುವುದು ಒಡಿಶಾದ ಗಂಜಾಂ ಕಡೆಯಿಂದ, ಮೊದಲ ಮಳೆಯ ಮಣ್ಣಿನ ಅತ್ತರು ಉತ್ತರ ಪ್ರದೇಶದ ಕನೌಜಿನಿಂದ. ಭಾರದ್ದೂ ಬೇಡ, ಲಿಂಬುವೂ ಬೇಡ ಎನ್ನುವವರು ಮಣ್ಣಿನ ಅತ್ತರು ಒಮ್ಮೆ ನೋಡಬೇಕು.

ಬಿಲ್ ಮಾಡಿಸುವ ಮುನ್ನ

ವಿದೇಶಿ ಸೆಂಟಿನ ಡಬ್ಬಿಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ಪ್ರಮಾಣ ಇರುವ ಚೀಟಿ ಇರಬೇಕು. ಡಬ್ಬಿಯ ತಳದ ಬ್ಯಾಚ್ ನಂಬರೂ ಬಾಟಲಿಯ ತಳದ ನಂಬರೂ ಒಂದೇ ಇರಬೇಕು. ಗಲ್ಫಿನಿಂದ ಬಂದವರು ತಂದುಕೊಟ್ಟದ್ದರಲ್ಲಿ ಆಮದು ಚೀಟಿ ಇರುವುದಿಲ್ಲ, ಅದು ಸಹಜ. ಬ್ಯಾಚ್ ನಂಬರ್ ಮಾತ್ರ ಹೊಂದಲೇಬೇಕು. ಡಬ್ಬಿಯಿಲ್ಲದ ‘ಟೆಸ್ಟರ್ ಪೀಸ್’ ಅರ್ಧ ಬೆಲೆಗೆ ಎಂದರೆ ದೂರ ಇರಿ. ನಕಲಿಯ ಮೊದಲ ಹತ್ತು ನಿಮಿಷ ಅಸಲಿಯಂತೆಯೇ ಇರುತ್ತದೆ, ಅದರ ಬಣ್ಣ ಬಯಲಾಗುವುದು ತಳಘಮದಲ್ಲಿ. ಒಂದು ತಾಸಿನ ಮೇಲೆ ಬರೀ ಸಕ್ಕರೆ ಪಾಕದ ವಾಸನೆಯೋ ಏನೂ ಇಲ್ಲದೆಯೋ ಆದರೆ ಅನುಮಾನಿಸಿ.

ಹಚ್ಚುವುದು, ಇಡುವುದು

ಸ್ನಾನ ಮಾಡಿ, ಮೈ ಒರೆಸಿ, ಬಟ್ಟೆ ಹಾಕುವ ಮೊದಲು. ಒಂದು ಗೇಣು ದೂರದಿಂದ ಎದೆಗೆ ಒಂದು, ಮೊಣಕೈ ಮಡಿಕೆಗೆ ಒಂದೊಂದು. ಒಣಚರ್ಮದವರು ಮೊದಲು ವಾಸನೆಯಿಲ್ಲದ ವ್ಯಾಸ್ಲಿನ್ ತೆಳ್ಳಗೆ ಸವರಿದರೆ ಒಂದು ತಾಸು ಹೆಚ್ಚು ನಿಲ್ಲುತ್ತದೆ. ಕೊಬ್ಬರಿ ಎಣ್ಣೆಗೆ ತನ್ನದೇ ಪರಿಮಳ ಇದೆ. ವೆನಿಲಾ, ಗಂಧದ ಜೊತೆ ಅದು ಹೊಂದುತ್ತದೆ, ಲಿಂಬುವಿನ ಜೊತೆ ಇಲ್ಲ. ಕಂಕುಳಿಗೆ ಸೆಂಟು ಬೇಡ, ಅಲ್ಲಿ ಉರಿಯುತ್ತದೆ, ಬೆವರಿನ ನಾತವೂ ಹೋಗುವುದಿಲ್ಲ.

ಬಿಸಿಲಿಗೆ ಹೋಗುವ ದಿನ ಕುತ್ತಿಗೆ ಬಿಟ್ಟು ಬಟ್ಟೆಯೊಳಗಿನ ಮೈಗೆ ಹಾಕಿ. ಬರ್ಗಮಟ್, ಲಿಂಬು ಎಣ್ಣೆಯ ಕೆಲವು ಅಂಶಕ್ಕೆ ಬಿಸಿಲು ತಾಗಿದರೆ ಚರ್ಮ ಸುಟ್ಟಂತಾಗಿ ತಿಂಗಳುಗಟ್ಟಲೆ ಕಂದುಕಲೆ ಉಳಿಯುತ್ತದೆ. ದೊಡ್ಡ ಕಂಪನಿಗಳು ಆ ಅಂಶ ತೆಗೆದ ಎಣ್ಣೆ ಬಳಸುತ್ತವೆ. ಬಿಡಿಯಾಗಿ ಸಿಗುವ ಎಸೆನ್ಸ್ ಎಣ್ಣೆಯಲ್ಲಿ ಆ ಖಾತರಿ ಇಲ್ಲ.

ರೇಷ್ಮೆ ಸೀರೆ, ಜರಿ ಅಂಚು, ಬಿಳಿ ಪಂಚೆಯ ಮೇಲೆ ಸ್ಪ್ರೇಯೂ ಬೇಡ, ಅತ್ತರೂ ಬೇಡ. ಅತ್ತರಿನ ಎಣ್ಣೆಯ ಕಲೆ ಒಗೆದರೂ ಸುಲಭಕ್ಕೆ ಬಿಡದು. ಮುತ್ತಿನ ಸರ, ಉಮಾಗೋಲ್ಡ್‌ನಂಥ ನಕಲಿ ಚಿನ್ನದ ಒಡವೆ ಇತ್ಯಾದಿಯನ್ನು ಸೆಂಟು ಒಣಗಿದ ಮೇಲೆ ಹಾಕಿ. ಸೀರೆಗೆ ಪರಿಮಳ ಬೇಕೆಂದರೆ ಒಣಗಿದ ಸುರಗಿ ಅಥವಾ ಬಕುಳದ ಹೂವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಕಪಾಟಿನಲ್ಲಿಡಿ. ಒಣಗಿದ ಮೇಲೂ ಘಮ ಬಿಡದ ಹೂಗಳು ಅವು.

ಬಾಟಲಿಗೆ ಆಗದಿರುವುದು ಬೆಳಕು, ಬಿಸಿ, ಗಾಳಿ. ಬಚ್ಚಲಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಡಬ್ಬಿಯ ಸಮೇತ ಕಪಾಟಿನ ಕೆಳಗಿನ ಖಾನೆಯಲ್ಲಿ ನೆಟ್ಟಗೆ ನಿಲ್ಲಿಸಿ. ಎರಡರಲ್ಲಿ ಮೊದಲು ಕೆಡುವುದು ಲಿಂಬುವಿನದು, ಗಂಧ ಮತ್ತು ಊದ್ ಹೆಚ್ಚು ದಿನ ತಾಳುತ್ತವೆ. ಬಣ್ಣ ಗಾಢವಾಗಿ, ಒತ್ತಿದ ಕೂಡಲೇ ವಿನೆಗರಿನಂತೆಯೋ ಹಳೇ ಎಣ್ಣೆಯಂತೆಯೋ ಬಂದರೆ ಮೈಗೆ ಹಾಕುವುದು ನಿಲ್ಲಿಸಿ. ಗಾಳಿ ತಾಗಿ ಹಳತಾದ ಲಿಮೊನೀನ್ ತುರಿಕೆ ಬರಿಸುತ್ತದೆ. ಉಳಿದದ್ದನ್ನು ಮಳೆಗಾಲದಲ್ಲಿ ಚಪ್ಪಲಿ ಗೂಡಿಗೆ ಹೊಡೆದು ಮುಗಿಸಬಹುದು.